ಅಂಗಡಿಗೆ ಬಾರದ ಗುಳಿಗೆ

ಚಿತೆಗೂ ಚಿಂತೆಗೂ ನಡುವೆ ಒಂದು ಸೊನ್ನೆಯಷ್ಟೇ ಅಂತರ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಚಿತೆ ಸುಡುವುದು ಹೆಣವನ್ನು. ಚಿಂತೆ ಸುಡುವುದು ಬದುಕಿರುವವನನ್ನು. ಈ ಬೇಗೆಯನ್ನು ಒಂದು ಗುಳಿಗೆ ಆರಿಸಬಲ್ಲದೆಂದಾದರೆ ಬೇಡವೆನ್ನುವವರು ಯಾರು? ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ವೈದ್ಯವಿಜ್ಞಾನ ಇಂಥ ಒಂದು ಆಸೆಯನ್ನು ಹುಟ್ಟಿಸಿತು. 1952ರಲ್ಲಿ ಫ್ರಾನ್ಸಿನ ವೈದ್ಯರು ಕ್ಲೋರ್‌ಪ್ರೊಮಝೀನ್ ಎಂಬ ಔಷಧವನ್ನು ಮನೋರೋಗಿಗಳಿಗೆ ಕೊಟ್ಟು ಫಲ ಕಂಡರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು ಸರ್ಪಗಂಧದ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ನಮ್ಮ ದೇಶದ ವೈದ್ಯರಿಗೆ ತಲೆತಲಾಂತರದಿಂದ ಪರಿಚಿತವಾಗಿದ್ದ ಬೇರು ಅದು. 1955ರಲ್ಲಿ ಅಮೆರಿಕದಲ್ಲಿ ಮಿಲ್‌ಟೌನ್ ಎಂಬ ಗುಳಿಗೆ ಮಾರಾಟಕ್ಕೆ ಬಂದಾಗ ಅದನ್ನು ಕೊಳ್ಳಲು ಜನ ಮುಗಿಬಿದ್ದರು. ಟ್ರಾಂಕ್ವಿಲೈಸರ್ ಎಂಬ ಶಬ್ದ ಮನೆಮಾತಾದದ್ದು ಆ ವರ್ಷಗಳಲ್ಲಿಯೇ. ಮನಸ್ಸಿನ ಕಳವಳವನ್ನು ಶಮನಗೊಳಿಸುವ ಈ ಬಗೆಯ ಮದ್ದನ್ನು ನಾವು ಶಾಮಕವೆಂದು ಕರೆಯೋಣ.

ಬಂದು ಹೆಸರು ಮಾಡಿದ ಶಾಮಕಗಳ ಕಥೆ ಹಲವರಿಗೆ ಗೊತ್ತು. ನಾನು ಇಂದು ಹೇಳಹೊರಟಿರುವುದು ಬಾರದೆ ಉಳಿದ ಒಂದರ ಕಥೆಯನ್ನು. ಅಮೆರಿಕದಲ್ಲಿ ಅದಕ್ಕೆ ಇಟ್ಟಿದ್ದ ಹೆಸರು ಕೆವಡಾನ್. ಹೆಸರು ಸಿದ್ಧವಾಗಿತ್ತು, ಗುಳಿಗೆ ಸಿದ್ಧವಾಗಿತ್ತು, ಮಾರುವವರೂ ಸಿದ್ಧರಾಗಿದ್ದರು. ಆದರೂ ಅದು ಆ ದೇಶದ ಔಷಧದಂಗಡಿಯ ಕಪಾಟನ್ನು ಸೇರಲಿಲ್ಲ. ಯಾವುದೋ ದೇಶದಲ್ಲಿ ಯಾವುದೋ ಗುಳಿಗೆ ಮಾರಾಟವಾಗಲಿಲ್ಲವೆಂಬುದೂ ಒಂದು ಸುದ್ದಿಯೇ ಎಂದು ಕೇಳುಗರು ಆಶ್ಚರ್ಯಪಡಬಹುದು. ಸುದ್ದಿಯಲ್ಲದ ಈ ಸಂಗತಿ ಒಂದು ದೇಶದ ಕಾನೂನನ್ನೇ ಬದಲಿಸಿತು. ಅದು ಹೇಗೆಂಬುದೇ ಇಂದಿನ ನನ್ನ ಮಾತಿನ ವಿಷಯ.

ಕೆವಡಾನ್ ಎಂಬುದು ಮಾರಾಟದ ಹೆಸರು. ಔಷಧದ ನಿಜವಾದ ಹೆಸರು ಥ್ಯಾಲಿಡೊಮೈಡ್. ಪಶ್ಚಿಮ ಜರ್ಮನಿಯ ಸ್ಟೋಲ್‌ಬರ್ಗ್ ಊರಿನ ಕೆಮೀ ಗ್ರ್ಯುನೆಂಟಾಲ್ ಎಂಬ ಕಂಪೆನಿ ಅದನ್ನು 1957ರ ಅಕ್ಟೋಬರ್ 1ರಂದು ಕಾಂಟೆರ್ಗಾನ್ ಎಂಬ ಹೆಸರಿನಿಂದ ಮಾರಾಟಕ್ಕಿಟ್ಟಿತು. 1958ರಲ್ಲಿ ಬ್ರಿಟನ್ನಿನಲ್ಲಿ ಅದೇ ಔಷಧ ಡಿಸ್ಟವಾಲ್ ಎಂಬ ಹೆಸರು ತಳೆಯಿತು. ಅದುವರೆಗೆ ನಿದ್ರೆ ಬಾರದವರು ನೆಚ್ಚಿಕೊಂಡಿದ್ದದ್ದು ಬಾರ್ಬಿಟುರೇಟ್ ಎಂಬ ಗುಂಪಿನ ಗುಳಿಗೆಗಳನ್ನು. ಅವುಗಳಿಗೆ ಒಂದು ದೊಡ್ಡ ದೋಷವಿತ್ತು. ಅಳತೆ ಮೀರಿದರೆ ನಿದ್ರೆ ಚಿರನಿದ್ರೆಯಾಗುತ್ತಿತ್ತು. ಹೊಸ ಗುಳಿಗೆಗೆ ಆ ದೋಷವಿಲ್ಲವೆಂದು ಕಂಪೆನಿ ಸಾರಿತು. ಪ್ರಯೋಗಾಲಯದ ಇಲಿಗಳಿಗೆ ಎಷ್ಟು ತಿನ್ನಿಸಿದರೂ ಅವು ಸಾಯಲಿಲ್ಲವೆಂಬುದೇ ಅದರ ಹೆಗ್ಗಳಿಕೆ. ವೈದ್ಯರ ಚೀಟಿಯಿಲ್ಲದೆಯೂ ಜರ್ಮನಿಯ ಅಂಗಡಿಗಳಲ್ಲಿ ಅದು ದೊರೆಯುತ್ತಿತ್ತು. ನಿದ್ರೆಗೆ, ಕಳವಳಕ್ಕೆ, ಬಸುರಿಯರ ವಾಕರಿಕೆಗೆ, ಎಲ್ಲಕ್ಕೂ ಅದನ್ನೇ ನುಂಗತೊಡಗಿದರು. ಬೇರೆ ಬೇರೆ ಹೆಸರುಗಳಲ್ಲಿ ಅದು 40ಕ್ಕೂ ಹೆಚ್ಚು ದೇಶಗಳನ್ನು ಮುಟ್ಟಿತು.

ಆ ಕಾಲದಲ್ಲಿ ಪಶ್ಚಿಮ ಜರ್ಮನಿಯಲ್ಲಾಗಲಿ ಬ್ರಿಟನ್ನಿನಲ್ಲಾಗಲಿ, ಹೊಸ ಔಷಧ ನಿರಪಾಯವೆಂಬುದನ್ನು ದೇಶದ ತಜ್ಞರ ಮುಂದೆ ಸಿದ್ಧಪಡಿಸಿ ತೋರಿಸಿದ ಮೇಲೆಯೇ ಮಾರಬೇಕೆಂಬ ಬಿಗಿಯಾದ ಕಟ್ಟಳೆ ಇರಲಿಲ್ಲ. ತಯಾರಿಸಿದವರ ಮಾತೇ ಬಹುಮಟ್ಟಿಗೆ ಪ್ರಮಾಣವಾಗಿತ್ತು. ಅಮೆರಿಕದಲ್ಲಿ ಆ ಕಟ್ಟಳೆ ಇತ್ತು; ಆದರೆ ಅದನ್ನು ಆ ದೇಶ ಪ್ರಾಣದ ಬೆಲೆ ಕೊಟ್ಟು ಪಡೆದಿತ್ತು. 1937ರಲ್ಲಿ ಅಲ್ಲಿಯ ಒಂದು ಕಂಪೆನಿ ಸಲ್ಫನಿಲಮೈಡ್ ಎಂಬ ಉಪಯುಕ್ತವಾದ ಔಷಧವನ್ನು ಕುಡಿಯುವ ಮದ್ದನ್ನಾಗಿ ಮಾಡಲು ಅದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ ದ್ರವದಲ್ಲಿ ಕರಗಿಸಿತು. ರುಚಿ ನೋಡಿದರು, ಬಣ್ಣ ನೋಡಿದರು, ಪರಿಮಳ ನೋಡಿದರು. ಆ ದ್ರವ ವಿಷವೇ ಎಂದು ಮಾತ್ರ ನೋಡಲಿಲ್ಲ. ಮೂತ್ರಪಿಂಡಗಳು ಕೆಟ್ಟು 100ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಅದೇ ದ್ರವ ಸುಮಾರು ಅರ್ಧ ಶತಮಾನದ ಬಳಿಕ, 1986ರಲ್ಲಿ, ಗ್ಲಿಸರಿನ್ನಿನ ಜೊತೆ ಬೆರೆತು ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ 14 ರೋಗಿಗಳ ಪ್ರಾಣ ತೆಗೆಯಿತು ಎಂಬುದನ್ನು ಇಲ್ಲಿ ನೆನೆಯಬೇಕು. ಒಂದು ದೇಶ ಕಲಿತ ಪಾಠ ಇನ್ನೊಂದು ದೇಶಕ್ಕೆ ತಾನಾಗಿ ಬರುವುದಿಲ್ಲ.

ಅಮೆರಿಕದಲ್ಲಿ ಆ ದುರಂತದ ಫಲವಾಗಿ 1938ರ ಕಾನೂನು ಹುಟ್ಟಿತು. ಹೊಸ ಔಷಧವನ್ನು ಮಾರುವ ಮೊದಲು ಅದು ನಿರಪಾಯವೆಂದು ಸರಕಾರದ ಆಹಾರ ಮತ್ತು ಔಷಧ ಆಡಳಿತಕ್ಕೆ ತೋರಿಸಬೇಕೆಂದು ಅದು ವಿಧಿಸಿತು. 1937ರಲ್ಲಿ ಸಾವಿಗೆ ಕಾರಣವಾದುದು ಯಾವುದೆಂದು ಇಲಿಗಳ ಮೇಲೆ ಪರೀಕ್ಷಿಸಿ ಕಂಡವರಲ್ಲಿ ಶಿಕಾಗೊ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಗೈಲಿಂಗ್ ಮತ್ತು ಅವರ ಶಿಷ್ಯರಿದ್ದರು. ಆ ಶಿಷ್ಯರಲ್ಲಿ ಒಬ್ಬಾಕೆ ಫ್ರಾನ್ಸಿಸ್ ಓಲ್ಡ್‌ಹ್ಯಾಮ್.

ಈಕೆ ಹುಟ್ಟಿದ್ದು ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ, 1914ರಲ್ಲಿ. ಶಿಕಾಗೊಗೆ ಬಂದದ್ದೇ ಒಂದು ವಿನೋದದ ಸಂಗತಿ. ಫ್ರಾನ್ಸಿಸ್ ಎಂಬ ಹೆಸರು ಗಂಡಸರಿಗೂ ಉಂಟು, ಹೆಂಗಸರಿಗೂ ಉಂಟು. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಅಕ್ಷರದ ವ್ಯತ್ಯಾಸ ಮಾತ್ರ. ಅರ್ಜಿ ನೋಡಿದ ಪ್ರೊಫೆಸರರು ಆಕೆಯನ್ನು ಗಂಡಸೆಂದೇ ಭಾವಿಸಿ, ಶ್ರೀಯುತ ಓಲ್ಡ್‌ಹ್ಯಾಮ್ ಎಂದು ಸಂಬೋಧಿಸಿ ಕೆಲಸಕ್ಕೆ ಕರೆಸಿಕೊಂಡರು. ಹೆಂಗಸೆಂದು ಗೊತ್ತಿದ್ದರೆ ತನಗೆ ಆ ಅವಕಾಶ ಸಿಗುತ್ತಿತ್ತೇ ಎಂಬ ಪ್ರಶ್ನೆ ಆಕೆಯಲ್ಲಿ ಬಹುಕಾಲ ಉಳಿದಿತ್ತು. ಮುಂದೆ ಯುದ್ಧದ ವರ್ಷಗಳಲ್ಲಿ ಮಲೇರಿಯದ ಔಷಧಗಳ ಮೇಲೆ ಕೆಲಸ ಮಾಡುವಾಗ ಆಕೆ ಇನ್ನೊಂದು ವಿಷಯ ಕಂಡುಕೊಂಡರು. ದೊಡ್ಡ ಮೊಲದ ದೇಹ ಕ್ವಿನೀನನ್ನು ಒಡೆದು ಅರಗಿಸಿಕೊಳ್ಳುತ್ತದೆ. ಅದರ ಬಸಿರಿನಲ್ಲಿರುವ ಮರಿಗೆ ಆ ಶಕ್ತಿ ಇಲ್ಲ. ಎಂದಮೇಲೆ ತಾಯಿಗೆ ಒಗ್ಗಿದ ಮದ್ದು ಗರ್ಭದ ಕೂಸಿಗೂ ಒಗ್ಗಬೇಕೆಂಬ ನಿಯಮವಿಲ್ಲ. ಈ ಅರಿವು ಇಪ್ಪತ್ತು ವರ್ಷದ ತರುವಾಯ ಪ್ರಯೋಜನಕ್ಕೆ ಬರಲಿತ್ತು. 1943ರಲ್ಲಿ ಸಹೋದ್ಯೋಗಿ ಎಲಿಸ್ ಕೆಲ್ಸಿಯವರನ್ನು ಮದುವೆಯಾದರು. 1950ರಲ್ಲಿ ವೈದ್ಯ ಪದವಿಯನ್ನೂ ಪಡೆದರು.

1960ರ ಆಗಸ್ಟಿನಲ್ಲಿ ಡಾ. ಫ್ರಾನ್ಸಿಸ್ ಕೆಲ್ಸಿ ವಾಷಿಂಗ್ಟನ್ನಿನ ಔಷಧ ಆಡಳಿತದ ಕಚೇರಿಯನ್ನು ಸೇರಿದರು. ಬಂದು ಒಂದು ತಿಂಗಳು ತುಂಬಿತ್ತೋ ಇಲ್ಲವೋ, ಕೆವಡಾನ್‌ನ ಅರ್ಜಿ ಆಕೆಯ ಮೇಜಿಗೆ ಬಂತು. ಸಲ್ಲಿಸಿದವರು ಸಿನ್ಸಿನಾಟಿಯ ಮೆರೆಲ್ ಕಂಪೆನಿಯವರು. ಯೂರೋಪಿನಲ್ಲಿ ಆಗಲೇ ಮೂರು ವರ್ಷ ಮಾರಾಟವಾಗಿದ್ದ ಗುಳಿಗೆ. ಹೊಸಬರಿಗೆ ಕೊಡಬಹುದಾದ ಸುಲಭದ ಕಡತವೆಂದೇ ಕಚೇರಿಯವರು ಎಣಿಸಿದ್ದರು.

ಇಲ್ಲಿ 1938ರ ಕಾನೂನಿನ ಒಂದು ವೈಚಿತ್ರ್ಯವನ್ನು ವಿವರಿಸಬೇಕು. ಅರ್ಜಿ ಬಂದ 60 ದಿನಗಳೊಳಗೆ ಸರಕಾರ ಆಕ್ಷೇಪಿಸದಿದ್ದರೆ ಅನುಮತಿ ತಾನಾಗಿಯೇ ದೊರೆತಂತೆ. ಮೌನಂ ಸಮ್ಮತಿ ಲಕ್ಷಣಂ ಎಂದು ನಾವು ಮದುವೆಯ ಮಾತುಕತೆಯಲ್ಲಿ ಹೇಳುವುದನ್ನು ಆ ಕಾನೂನು ವಿಷಪರೀಕ್ಷೆಗೂ ಅನ್ವಯಿಸಿತ್ತು. ಅಧಿಕಾರಿ ಮೈಮರೆತರೆ, ರಜೆ ಹೋದರೆ, ಕಡತ ಕೆಳಗೆ ಬಿದ್ದರೆ ಔಷಧ ಅಂಗಡಿಗೆ ಹೋಗುತ್ತದೆ. ಬೇಡವೆನ್ನಬೇಕಾದರೆ ಮಾತ್ರ ಕಾರಣ ಕೊಟ್ಟು ಬರೆಯಬೇಕು.

ಡಾ. ಕೆಲ್ಸಿ ಬರೆದರು. ಆಕೆಯೊಂದಿಗೆ ರಸಾಯನಶಾಸ್ತ್ರಜ್ಞೆ ಲೀ ಗೈಸ್ಮರ್ ಮತ್ತು ಔಷಧಶಾಸ್ತ್ರಜ್ಞ ಜೀರೊ ಒಯಾಮ ಕಡತವನ್ನು ಪರಿಶೀಲಿಸಿದ್ದರು. ಗುಳಿಗೆ ದೇಹದಲ್ಲಿ ಎಷ್ಟು ಹೀರಲ್ಪಡುತ್ತದೆ, ಏನಾಗಿ ಮಾರ್ಪಡುತ್ತದೆ, ಹೇಗೆ ಹೊರಹೋಗುತ್ತದೆ ಎಂಬುದಕ್ಕೆ ತಕ್ಕ ವಿವರಗಳಿರಲಿಲ್ಲ. ವೈದ್ಯರ ವರದಿಗಳು ಪ್ರಶಂಸಾಪತ್ರಗಳಂತಿದ್ದವೇ ಹೊರತು ಪರೀಕ್ಷೆಯ ಲೆಕ್ಕಗಳಂತಿರಲಿಲ್ಲ. ಮನುಷ್ಯನಿಗೆ ನಿದ್ರೆ ತರುವ ಈ ಮದ್ದು ಪ್ರಾಣಿಗಳಿಗೆ ನಿದ್ರೆ ತರುತ್ತಿರಲಿಲ್ಲ. ಪ್ರಾಣಿಯ ದೇಹದಲ್ಲಿ ಬೇರೆಯಾಗಿ ವರ್ತಿಸುವ ಔಷಧದ ವಿಷಯದಲ್ಲಿ, ಇಲಿ ಸಾಯಲಿಲ್ಲವೆಂಬ ಸಾಕ್ಷ್ಯಕ್ಕೆ ಎಷ್ಟು ಬೆಲೆ? ಅರ್ಜಿ ಅಪೂರ್ಣವೆಂದು ಆಕೆ ಉತ್ತರಿಸಿದರು. ಕಂಪೆನಿ ಮತ್ತಷ್ಟು ಕಾಗದಗಳನ್ನು ಕಳಿಸಿತು. 60 ದಿನಗಳ ಎಣಿಕೆ ಮತ್ತೆ ಮೊದಲಾಯಿತು. ಆಕೆ ಮತ್ತೆ ಅಪೂರ್ಣವೆಂದರು.

1961ರ ಫೆಬ್ರವರಿಯಲ್ಲಿ ಆಕೆಯ ಕಣ್ಣಿಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಹಿಂದಿನ ಸಂಚಿಕೆಯ ಒಂದು ಪತ್ರ ಬಿತ್ತು. 1960ರ ಡಿಸೆಂಬರ್ 31ರಂದು ಪ್ರಕಟವಾಗಿದ್ದ ಆ ಪುಟ್ಟ ಪತ್ರದಲ್ಲಿ ಒಬ್ಬ ವೈದ್ಯರು, ಈ ಗುಳಿಗೆಯನ್ನು ಬಹುದಿನ ನುಂಗಿದ ತಮ್ಮ ಕೆಲವು ರೋಗಿಗಳಿಗೆ ಕೈಕಾಲು ಜೋಮು ಹಿಡಿಯುತ್ತಿದೆ, ಇದು ಔಷಧದ ಪರಿಣಾಮವಿರಬಹುದೇ ಎಂದು ಕೇಳಿದ್ದರು. ಡಾ. ಕೆಲ್ಸಿಯ ಆಲೋಚನೆ ಮುಂದಕ್ಕೆ ಹರಿಯಿತು. ದೊಡ್ಡವರ ನರಗಳನ್ನೇ ಬಾಧಿಸುವ ಮದ್ದು ತಾಯಿಯ ಮಾಸನ್ನು ದಾಟಿ ಒಳಗೆ ಹೋದರೆ, ಅವಯವಗಳು ಇನ್ನೂ ಮೂಡುತ್ತಿರುವ ಪಿಂಡದ ಗತಿ ಏನು? ಬಸುರಿಯರು ಇದನ್ನು ಸೇವಿಸಬಹುದೆಂಬುದಕ್ಕೆ ಪುರಾವೆ ಕೊಡಿ ಎಂದು ಆಕೆ ಕಂಪೆನಿಯನ್ನು ಕೇಳಿದರು. ಆ ಪುರಾವೆ ಕಂಪೆನಿಯ ಬಳಿ ಇರಲಿಲ್ಲ.

ಇತ್ತ ಒತ್ತಾಯ ಹೆಚ್ಚುತ್ತ ಹೋಯಿತು. ಕಂಪೆನಿಯವರು ದೂರವಾಣಿಯಲ್ಲಿ, ಪತ್ರಗಳಲ್ಲಿ, ಖುದ್ದಾಗಿ, ಒಟ್ಟು ಸುಮಾರು 50 ಬಾರಿ ಔಷಧ ಆಡಳಿತವನ್ನು ಸಂಪರ್ಕಿಸಿದರು. ಆಕೆ ಹಟಮಾರಿ, ಸಣ್ಣಪುಟ್ಟದಕ್ಕೆ ತಕರಾರು ತೆಗೆಯುವವಳು ಎಂದು ಮೇಲಧಿಕಾರಿಗಳಿಗೆ ದೂರು ಹೋಯಿತು. ಮೇಲಧಿಕಾರಿಗಳು ಆಕೆಯ ಕೈಬಿಡಲಿಲ್ಲವೆಂಬುದನ್ನೂ ಹೇಳಬೇಕು. ಹೀಗೆ ಹದಿನಾಲ್ಕು ತಿಂಗಳು ಕಳೆದವು.

ಅಷ್ಟರಲ್ಲಿ ಜರ್ಮನಿಯಿಂದ ಸುದ್ದಿ ಬಂತು. ಕೆಲವು ವರ್ಷಗಳಿಂದ ಅಲ್ಲಿ ವಿಚಿತ್ರವಾದ ಶಿಶುಗಳು ಹುಟ್ಟುತ್ತಿದ್ದವು. ತೋಳಿಲ್ಲದೆ ಭುಜಕ್ಕೇ ಅಂಗೈ ಅಂಟಿಕೊಂಡವು, ಕಾಲಿಲ್ಲದವು, ಕಿವಿಯಿಲ್ಲದವು. ಹ್ಯಾಂಬರ್ಗಿನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಟ್ಸ್ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸತೊಡಗಿದರು. ಬಸುರಿನಲ್ಲಿ ಏನಾದರೂ ಔಷಧ ತೆಗೆದುಕೊಂಡಿರಾ ಎಂದರೆ ಹಲವರು ಇಲ್ಲವೆಂದರು. ಬಿಡಿಸಿ ಕೇಳಿದಾಗ ಕಾಂಟೆರ್ಗಾನಿನ ಹೆಸರು ಹೊರಬಂತು. ಅದು ಹೇಳಬೇಕಾದಂಥ ಔಷಧವೆಂದೇ ಅವರು ಎಣಿಸಿರಲಿಲ್ಲ. ಅಷ್ಟು ನಿರುಪದ್ರವಿ ಎಂದು ಅದು ಹೆಸರಾಗಿತ್ತು. 1961ರ ನವೆಂಬರಿನಲ್ಲಿ ಲೆಂಟ್ಸ್ ಕಂಪೆನಿಯನ್ನು ಎಚ್ಚರಿಸಿದರು. ಪತ್ರಿಕೆಗಳು ಸುದ್ದಿ ಮಾಡಿದವು. ತಿಂಗಳ ಕೊನೆಯಲ್ಲಿ ಜರ್ಮನಿಯಲ್ಲಿ ಗುಳಿಗೆಯನ್ನು ಹಿಂತೆಗೆದುಕೊಂಡರು. ಆಸ್ಟ್ರೇಲಿಯಾದ ವೈದ್ಯ ವಿಲಿಯಂ ಮೆಕ್‌ಬ್ರೈಡ್ ಕೂಡ ಅದೇ ಸಂಶಯವನ್ನು ಆ ಡಿಸೆಂಬರಿನಲ್ಲಿ ಪ್ರಕಟಿಸಿದರು.

ಜಗತ್ತಿನಲ್ಲಿ ಇಂಥ ಶಿಶುಗಳು 10,000ಕ್ಕೂ ಹೆಚ್ಚು ಹುಟ್ಟಿದವೆಂದು ಅಂದಾಜು. ಅವರಲ್ಲಿ ಅನೇಕರು ಶೈಶವದಲ್ಲಿಯೇ ತೀರಿಕೊಂಡರು. ಗರ್ಭ ನಿಂತ ಸುಮಾರು 20ನೆಯ ದಿನದಿಂದ 36ನೆಯ ದಿನದವರೆಗಿನ ಅವಧಿಯೇ ಅಪಾಯದ್ದು. ತಾನು ಬಸುರಿಯೆಂಬುದು ಹೆಣ್ಣಿಗೆ ಖಚಿತವಾಗುವ ಹೊತ್ತಿಗೆ ಆ ಅವಧಿಯ ಬಹುಭಾಗ ಕಳೆದಿರುತ್ತದೆ. ಆಗ ಒಂದೇ ಗುಳಿಗೆ ಸಾಕಾಗಿತ್ತು.

1962ರ ಮಾರ್ಚಿನಲ್ಲಿ ಮೆರೆಲ್ ಕಂಪೆನಿ ತನ್ನ ಅರ್ಜಿಯನ್ನು ಹಿಂತೆಗೆದುಕೊಂಡಿತು. ಕೆವಡಾನ್ ಅಂಗಡಿಗೆ ಬರಲಿಲ್ಲ. ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಂಗಡಿಗೆ ಬಾರದ ಗುಳಿಗೆ ಮನೆಗಳಿಗೆ ಬಂದಿತ್ತು. ಪರೀಕ್ಷೆಗಾಗಿ ಎಂಬ ಹೆಸರಿನಲ್ಲಿ ಹೊಸ ಔಷಧವನ್ನು ವೈದ್ಯರಿಗೆ ಹಂಚಲು ಆಗಿನ ಕಾನೂನಿನಲ್ಲಿ ಎಡೆಯಿತ್ತು. ಆ ದಾರಿಯಲ್ಲಿ 25 ಲಕ್ಷದಷ್ಟು ಗುಳಿಗೆಗಳು 1,000ಕ್ಕೂ ಹೆಚ್ಚು ವೈದ್ಯರ ಕೈ ಸೇರಿ, ಅಲ್ಲಿಂದ ಸುಮಾರು 20,000 ರೋಗಿಗಳಿಗೆ ಹಂಚಿಹೋಗಿದ್ದವು. ರೋಗಿಗಳಲ್ಲಿ ನೂರಾರು ಮಂದಿ ಬಸುರಿಯರಿದ್ದರು. ತಾವು ನುಂಗುತ್ತಿರುವುದು ಪರೀಕ್ಷೆಯ ಗುಳಿಗೆಯೆಂದು ತಿಳಿಯದವರೇ ಅವರಲ್ಲಿ ಬಹಳ. ಯಾರಿಗೆ ಎಷ್ಟು ಕೊಟ್ಟೆವೆಂದು ಅನೇಕ ವೈದ್ಯರು ಬರೆದಿಟ್ಟಿರಲಿಲ್ಲ. ಅಮೆರಿಕದಲ್ಲಿ ಇಂಥ 17 ಶಿಶುಗಳನ್ನು ಸರಕಾರ ಗುರುತಿಸಿತು. ಕೆಲವರ ತಾಯಂದಿರಿಗೆ ಗುಳಿಗೆ ಹೊರದೇಶದಿಂದ ದೊರೆತಿತ್ತು. ಉಳಿದವರಿಗೆ ದೊರೆತದ್ದು ಈ ಹಂಚಿಕೆಯಿಂದ. ಲೆಕ್ಕಕ್ಕೆ ಸಿಗದವರೂ ಇದ್ದಾರೆಂದು ಅಲ್ಲಿಯ ಸಂತ್ರಸ್ತರು ವಾದಿಸುತ್ತ ಬಂದಿದ್ದಾರೆ. ಮುಂಬಾಗಿಲನ್ನು ಭದ್ರವಾಗಿ ಕಾದದ್ದು ನಿಜ. ಹಿತ್ತಲ ಬಾಗಿಲಿಗೆ ಅಗುಳಿಯೇ ಇರಲಿಲ್ಲ.

1962ರ ಜುಲೈ 15ರಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಮಾರ್ಟನ್ ಮಿಂಟ್ಸ್ ಬರೆದ ವರದಿಯಿಂದ ಡಾ. ಕೆಲ್ಸಿಯ ಹೆಸರು ಮನೆಮನೆಗೆ ತಲುಪಿತು. ಆಗಸ್ಟ್ 7ರಂದು ಅಧ್ಯಕ್ಷ ಕೆನೆಡಿ ಆಕೆಗೆ ಪದಕವಿತ್ತು ಗೌರವಿಸಿದರು. ಅಕ್ಟೋಬರ್ 10ರಂದು ಹೊಸ ಕಾನೂನಿಗೆ ಸಹಿ ಬಿತ್ತು. ಸೆನೆಟರ್ ಕೀಫಾವರ್ ಬಹುದಿನದಿಂದ ನೂಕುತ್ತಿದ್ದರೂ ಮುಂದೆ ಸಾಗದಿದ್ದ ಮಸೂದೆ ಅದು. ಅಂದಿನಿಂದ ಮೌನ ಸಮ್ಮತಿಯಲ್ಲ. ಅನುಮತಿಯನ್ನು ಸ್ಪಷ್ಟವಾಗಿ ಕೊಟ್ಟರೆ ಮಾತ್ರ ಕೊಟ್ಟಂತೆ. ಔಷಧ ನಿರಪಾಯವಾಗಿದ್ದರೆ ಸಾಲದು, ಗುಣಕಾರಿಯೆಂಬುದನ್ನೂ ತೋರಿಸಬೇಕು. ಪರೀಕ್ಷೆಗೆ ಒಳಗಾಗುವವರಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು. ಮುಂದೆ ಇಂಥ ಪರೀಕ್ಷೆಗಳ ಮೇಲ್ವಿಚಾರಣೆಯ ವಿಭಾಗವನ್ನು ಡಾ. ಕೆಲ್ಸಿಗೇ ವಹಿಸಿದರು. ಹಿತ್ತಲ ಬಾಗಿಲಿಗೂ ಆಕೆಯೇ ಕಾವಲಾದರು.

ಈ ಕಥೆಯನ್ನು ಹೇಳುವವರು ಬಹುಮಟ್ಟಿಗೆ ಆಕೆಯನ್ನು ದಿವ್ಯದೃಷ್ಟಿಯುಳ್ಳವರಂತೆ ಚಿತ್ರಿಸುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಈ ಗುಳಿಗೆ ಶಿಶುಗಳ ಕೈಕಾಲನ್ನು ಕಸಿಯುತ್ತದೆಂದು 1960ರಲ್ಲಿ ಆಕೆಗೆ ಗೊತ್ತಿರಲಿಲ್ಲ. ಗೊತ್ತಿದ್ದು ಬೇಡವೆನ್ನುವುದು ಸುಲಭ. ಗೊತ್ತಿಲ್ಲದಿರುವಾಗ, ನನಗಿನ್ನೂ ಗೊತ್ತಾಗಿಲ್ಲ, ನಿಮಗೂ ಗೊತ್ತಿಲ್ಲ ಎಂದು ಬರೆದು ಸಹಿ ಹಾಕುವುದು ಕಷ್ಟ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿದೆ. ಆಕೆ ಮಾಡಿದ್ದು ಇಷ್ಟೇ. ಆದರೆ ಮೂರು ವರ್ಷದ ಮಾರಾಟ, ಹಲವು ದೇಶಗಳ ಬಳಕೆ, ವೈದ್ಯರ ಹೊಗಳಿಕೆ, ಇವೆಲ್ಲ ಪ್ರತ್ಯಕ್ಷವಾಗಿ ಎದುರಿಗೆ ನಿಂತಿರುವಾಗ ಪ್ರಮಾಣವನ್ನು ಕೇಳುವವರು ಎಷ್ಟು ಜನ?

ತಡಮಾಡುವುದೂ ತಪ್ಪಾಗಬಹುದಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಸಾವಿನ ದವಡೆಯಲ್ಲಿರುವ ರೋಗಿಗೆ ಬೇಕಾದ ಔಷಧ ಕಡತದಲ್ಲಿ ಸಿಕ್ಕಿಕೊಂಡರೆ ಅದರಿಂದಲೂ ಪ್ರಾಣಹಾನಿಯುಂಟು. ಅಂಥವರಿಗೂ ಹೆಸರಿಲ್ಲ, ಸಮಾಧಿಯ ಮೇಲೆ ಕಾರಣ ಬರೆಯುವವರಿಲ್ಲ. ಆದುದರಿಂದ ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡಬೇಕು. ಕೆವಡಾನ್ ಉಳಿಸಬೇಕಾಗಿದ್ದದ್ದು ಪ್ರಾಣವನ್ನಲ್ಲ. ಅದು ನಿದ್ರೆಯ ಗುಳಿಗೆ, ನಿದ್ರೆಗೆ ಬೇರೆ ಗುಳಿಗೆಗಳೂ ಇದ್ದವು. ಒಂದು ವರ್ಷ ಕಾದರೆ ಯಾರಿಗೂ ಕೆಡುಕಾಗುತ್ತಿರಲಿಲ್ಲ.

ಇದೇ ತಕ್ಕಡಿ ಮುಂದೆ ಥ್ಯಾಲಿಡೊಮೈಡನ್ನು ಮತ್ತೆ ತೂಗಿತು. 1964ರಲ್ಲಿ ಜೆರುಸಲೇಮಿನ ವೈದ್ಯ ಜೇಕಬ್ ಶೆಸ್ಕಿನ್, ಕುಷ್ಠರೋಗದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಯಾತನಾಮಯ ಗಂಟುಗಳಿಂದ ನರಳುತ್ತಿದ್ದ ರೋಗಿಗೆ ನಿದ್ರೆಗೆಂದು ಅದನ್ನು ಕೊಟ್ಟರು. ನಿದ್ರೆಯೂ ಬಂತು, ಗಂಟುಗಳೂ ಇಳಿದವು. ಅದೇ ಅಮೆರಿಕದ ಔಷಧ ಆಡಳಿತ 1998ರಲ್ಲಿ ಆ ಬಾಧೆಗೂ, 2006ರಲ್ಲಿ ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿಗೂ ಅದನ್ನು ಬಳಸಲು ಅನುಮತಿ ನೀಡಿತು. ಆದರೆ ಬಸುರಾಗದಂತೆ ಕಟ್ಟುನಿಟ್ಟಿನ ಎಚ್ಚರ, ಮತ್ತೆ ಮತ್ತೆ ಪರೀಕ್ಷೆ, ಪ್ರತಿಯೊಂದು ಗುಳಿಗೆಯ ಲೆಕ್ಕ, ಇವೆಲ್ಲದರ ನಡುವೆ. ಆ ಗುಳಿಗೆ ಪಿಂಡವನ್ನು ಹೇಗೆ ಕೆಡಿಸುತ್ತದೆಂಬುದರ ಮೊದಲ ಸ್ಪಷ್ಟ ಸುಳಿವು ದೊರೆತದ್ದು 2010ರಲ್ಲಿ. ಅದು ಜೀವಕೋಶದಲ್ಲಿರುವ ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆಂದು ಜಪಾನಿನ ವಿಜ್ಞಾನಿಗಳು ತೋರಿಸಿದರು. ಡಾ. ಕೆಲ್ಸಿ ಕೇಳಿದ ಪ್ರಶ್ನೆಗೆ ವಿಜ್ಞಾನ ಉತ್ತರ ಕೊಡಲು ಹೆಚ್ಚುಕಡಿಮೆ ಐವತ್ತು ವರ್ಷ ಹಿಡಿಯಿತು. ಉತ್ತರ ಬರುವವರೆಗೆ ಆಕೆ ಕಾಯುವಂತಿರಲಿಲ್ಲ. ಪ್ರಶ್ನೆಗೆ ಉತ್ತರವಿಲ್ಲವೆಂಬುದನ್ನೇ ಆಕೆ ಉತ್ತರವೆಂದು ಗಣಿಸಿದರು.

ಆಕೆ 90 ವರ್ಷ ತುಂಬಿದ ಮೇಲೆ, 2005ರಲ್ಲಿ, ನಿವೃತ್ತರಾದರು. 2015ರ ಆಗಸ್ಟ್ 7ರಂದು, ಪದಕ ಪಡೆದ ಅದೇ ತಾರೀಖಿನಂದು, 101ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಡೆದುಹೋದ ಅನಾಹುತಕ್ಕೆ ಸಾಕ್ಷಿಗಳಿರುತ್ತಾರೆ. ಜರ್ಮನಿಯಲ್ಲಿ, ಬ್ರಿಟನ್ನಿನಲ್ಲಿ ಆ ಸಾಕ್ಷಿಗಳು ತಮ್ಮ ಕುಂಠಿತ ಕೈಗಳಿಂದಲೇ ಬರೆದರು, ಚಿತ್ರ ಬಿಡಿಸಿದರು, ತಮ್ಮ ಹಕ್ಕಿಗಾಗಿ ಹೋರಾಡಿದರು. ನಡೆಯದೆ ಹೋದ ಅನಾಹುತಕ್ಕೆ ಸಾಕ್ಷಿ ಎಲ್ಲಿಂದ ತರುವುದು? 1961ರಲ್ಲಿಯೂ 1962ರಲ್ಲಿಯೂ ಅಮೆರಿಕದಲ್ಲಿ ಸಾವಿರಾರು ಮಕ್ಕಳು ಎರಡು ಕೈ ಎರಡು ಕಾಲುಗಳೊಡನೆ ಹುಟ್ಟಿ, ಓಡಿ, ಆಡಿ, ಬೆಳೆದು, ಈಗ ಅರವತ್ತು ದಾಟಿದ್ದಾರೆ. ಒಂದು ಕಚೇರಿಯಲ್ಲಿ ಒಂದು ಕಡತದ ಮೇಲೆ ಅಪೂರ್ಣವೆಂದು ಮತ್ತೆ ಮತ್ತೆ ಬರೆದದ್ದರಿಂದ ತಾವು ಉಳಿದೆವೆಂದು ಅವರಲ್ಲಿ ಒಬ್ಬರಿಗೂ ಖಚಿತವಾಗಿ ತಿಳಿಯದು. ಕಚೇರಿಗಳಲ್ಲಿ ಕಡತ ನಿಂತರೆ ನಾವು ಬೈಯುತ್ತೇವೆ. ಅದಕ್ಕೆ ಸಾಕಷ್ಟು ಕಾರಣಗಳೂ ಇವೆ. ಆದರೆ ಯಾವ ಕಡತ, ಯಾರು ಬರೆದ ಯಾವ ಪ್ರಶ್ನೆಯಿಂದ ನಿಂತಿದೆ ಎಂದು ಬೈಯುವ ಮುನ್ನ ಒಮ್ಮೆ ಕೇಳುವುದು ಒಳ್ಳೆಯದು ಎಂದು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ.